ಹುಲಿವೇಷದ ಮೊಹರಂ, ಅನೀಸನ ಮರ್ಸಿಯಾ

ಮೊಹರಂ ಹತ್ತಿರ ಬಂತೆಂದರೆ ನಮ್ಮ ಹಳೇ ದೋಸ್ತರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಜಗಳ. ಒಬ್ಬ ತಮ್ಮೂರಿನ ಹೆಜ್ಜೆ ಮೇಳದ ವಿಡಿಯೋ ಹಾಕುತ್ತಾನೆ. ಹಲಗೆ ಬಾರಿಸುತ್ತಿರುತ್ತಾರೆ, ಗೆಜ್ಜೆ ಕಟ್ಟಿಕೊಂಡವರು ಕೈಯಲ್ಲಿ ಬಣ್ಣದ ಕರವಸ್ತ್ರ ಹಿಡಿದು ಸುತ್ತುತ್ತಿರುತ್ತಾರೆ, ನಡುವೆ ಒಂದು ಹುಲಿ ಬೇರೆ. ಕೂಡಲೇ ಇನ್ನೊಬ್ಬ ಬರುತ್ತಾನೆ: ಇದು ಧರ್ಮದಲ್ಲಿ ಇಲ್ಲ, ಇದೆಲ್ಲ ಜಾತ್ರೆ. ಮತ್ತೊಬ್ಬನದು ಬೇರೆ ತಕರಾರು: ನಮ್ಮವರು ಯಾಕೆ ಅಲ್ಲಿ ಹೋಗಿ ಕುಣಿಯಬೇಕು? ಈ ಸಲ ಮೂರನೆಯವನೂ ಸೇರಿಕೊಂಡ. ಲಖನೌದ ಇಮಾಂಬಾಡಾದ, ಅಂದರೆ ಮೊಹರಂ ಶೋಕಸಭೆ ನಡೆಯುವ ಕಟ್ಟಡದ, ವಿಡಿಯೋ ಹಾಕಿ, "ನೋಡ್ರಿ, ಖರೇ ಮೊಹರಂ ಅಂದ್ರ ಇದು" ಅಂದ. ಕರಿ ಬಟ್ಟೆ ತೊಟ್ಟ ಜನ, ಒಬ್ಬನ ದನಿಯಲ್ಲಿ ನೌಹಾ ಎಂಬ ಶೋಕಗೀತೆ, ಎದೆ ಬಡಿಯುವ ಸದ್ದು. ನೋಡಿದರೆ ಯಾರಿಗಾದರೂ ಗಂಟಲು ಕಟ್ಟುತ್ತದೆ, ಅದರಲ್ಲಿ ಮಾತೇ ಇಲ್ಲ. ಆದರೆ "ಖರೇ" ಎಂದದ್ದು ಮಾತ್ರ ನನಗೆ ಸರಿ ಬರಲಿಲ್ಲ. ಉತ್ತರ ಟೈಪ್ ಮಾಡುತ್ತಾ ಹೋದೆ, ಉದ್ದವಾಯಿತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ. ಲಖನೌದ ದೊಡ್ಡ ಉರ್ದು ಕವಿಗಳು ಮಾಡಿದ್ದೂ, ನಮ್ಮ ಕುಂದಗೋಳ, ಶಿಗ್ಗಾಂವಿ, ಗದಗ ಕಡೆಯ ರಿವಾಯತ್ ಪದದವರು, ಅಂದರೆ ಮೊಹರಂ ಹಾಡಿನವರು, ಮಾಡಿದ್ದೂ ಒಂದೇ ಕೆಲಸ. ಇರಾಕಿನ ಮರಳಿನಲ್ಲಿ ನಡೆದ ಕತೆಯನ್ನು ತಮ್ಮ ಮನೆಯ ಪಡಸಾಲೆಗೆ ಕರೆತಂದರು. ಒಬ್ಬರಿಗೆ ಮಹಾಕವಿ ಎನ್ನುತ್ತೇವೆ, ಇನ್ನೊಬ್ಬರಿಗೆ ಹಳ್ಳಿ ಮಂದಿ ಏನೋ ಹಾಡುತ್ತಾರೆ ಎನ್ನುತ್ತೇವೆ. ಯಾಕೆ ಹೀಗೆ?

ನನಗೆ ಉರ್ದು ಓದಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಲಿಂಗಪೂಜೆ, ಜೊತೆಗೆ ಮೊಹರಂನ ಅಲಾವಿ ದೇವರಿಗೆ ಸಕ್ಕರೆ ಓದಿಸುವುದು ಎರಡೂ ಇತ್ತು, ಅದರಲ್ಲಿ ವಿಚಿತ್ರ ಏನೂ ಕಂಡಿರಲಿಲ್ಲ. ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ತುದಿಗೆ ಒಬ್ಬ ಟೇಲರ್ ಚಾಚಾ ಇದ್ದಾರೆ. ಸುನ್ನಿ ಮನೆತನದವರು, ಆದರೆ ಶಿಯಾಗಳು ಹೆಚ್ಚಾಗಿ ಓದುವ ಕರ್ಬಲಾದ ಶೋಕಕಾವ್ಯ, ಮರ್ಸಿಯಾ, ಎಂದರೆ ಜೀವ. ಮಷಿನ್ ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ನನಗೆ ಗೊತ್ತಿರುವುದೆಲ್ಲ ಅಲ್ಲಿಂದ ಶುರುವಾದದ್ದು.

ಕತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಕ್ರಿ.ಶ. 680ರ ಅಕ್ಟೋಬರ್ 10, ಹಿಜರಿ 61ರ ಮೊಹರಂ ಹತ್ತನೇ ದಿನ. ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರು ಆಗಿನ ಖಲೀಫ ಯಜೀದನಿಗೆ ತಲೆಬಾಗಲು ಒಪ್ಪಲಿಲ್ಲ. ಕೂಫಾದ ಜನ ಬನ್ನಿ ಎಂದು ಪತ್ರ ಬರೆದು ಕರೆದರು, ಆಮೇಲೆ ಕೈಬಿಟ್ಟರು. ಕರ್ಬಲಾದಲ್ಲಿ ದೊಡ್ಡ ಸೈನ್ಯ ಸುತ್ತುವರಿಯಿತು. ಹುಸೇನರ ಜೊತೆ ಹೆಂಗಸರು, ಮಕ್ಕಳು, ಮತ್ತೆ ಪರಂಪರೆ ಹೇಳುವಂತೆ 72 ಮಂದಿ ಸಂಗಡಿಗರು. ಏಳನೇ ದಿನದಿಂದ ನೀರು ಬಂದ್. ಪಕ್ಕದಲ್ಲೇ ಯೂಫ್ರೆಟಿಸ್ ಹರಿಯುತ್ತಿದೆ, ಗುಡಾರದಲ್ಲಿ ಮಕ್ಕಳು ಬಾಯಾರಿ ಒದ್ದಾಡುತ್ತಿವೆ. ತಮ್ಮ ಅಬ್ಬಾಸರು ಮಶಕ, ಅಂದರೆ ತೊಗಲಿನ ನೀರಿನ ಚೀಲ, ತುಂಬಿಕೊಂಡು ಬರಲು ಹೋದವರು ಎರಡೂ ಕೈ ಕಡಿಸಿಕೊಂಡು ಹೊಳೆ ದಂಡೆಯಲ್ಲೇ ಬಿದ್ದರು. ಆರು ತಿಂಗಳ ಕೂಸು ಅಲಿ ಅಸ್ಗರ್‌ಗೂ ಬಾಣ ಬಿತ್ತು. ಸಂಜೆ ಹೊತ್ತಿಗೆ ಹುಸೇನರು ಒಬ್ಬರೇ ಉಳಿದಿದ್ದರು, ಅವರನ್ನೂ ಕೊಂದರು. ಅಕ್ಕತಂಗಿಯರನ್ನು, ಮಕ್ಕಳನ್ನು ಸೆರೆ ಹಿಡಿದು ಡಮಾಸ್ಕಸ್‌ವರೆಗೆ ನಡೆಸಿದರು.

"ತಮ್ಮಾ, ನೀರಿನ ಮಾತು ಬಂದಲ್ಲಿ ಓಡಬಾರದು, ನಿಂತು ಕೇಳಬೇಕು" ಎನ್ನುತ್ತಾರೆ ಚಾಚಾ. ವಾರಗಟ್ಟಲೆ ನಳದ ನೀರಿಗೆ ಕಾದ ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತನೇ ದಿನ ಓಣಿ ಓಣಿಯಲ್ಲಿ ಶರಬತ್ತು ಹಂಚುವುದೂ ಆ ಬಾಯಾರಿಕೆಯ ನೆನಪಿಗೇ.

ಈಗ ಆ ಲಖನೌದ ಮರ್ಸಿಯಾ ಕವಿಗಳಲ್ಲಿ ದೊಡ್ಡ ಹೆಸರಾದ ಅನೀಸ್. ಮೀರ್ ಬಬರ್ ಅಲಿ ಅನೀಸ್ ಹುಟ್ಟಿದ್ದು ಫೈಜಾಬಾದಿನಲ್ಲಿ, ಬಾಳಿದ್ದು ಲಖನೌದಲ್ಲಿ, ತೀರಿಕೊಂಡದ್ದು 1874ರಲ್ಲಿ. ಅವನ ಒಂದು ದೊಡ್ಡ ಮರ್ಸಿಯಾದಲ್ಲಿ ಬರುವ ಸನ್ನಿವೇಶ ನೋಡಿ. ಯುದ್ಧದ ದಿನ ಬೆಳಗ್ಗೆ. ಧ್ವಜ ಯಾರು ಹಿಡಿಯಬೇಕು ಎಂಬ ಮಾತು. ಹುಸೇನರ ಅಕ್ಕತಂಗಿಯರಲ್ಲಿ ಜೈನಬ್ ಎಂಬವರಿಗೆ ಇಬ್ಬರು ಗಂಡುಮಕ್ಕಳು, ಔನ್ ಮತ್ತು ಮುಹಮ್ಮದ್, ಇನ್ನೂ ಸಣ್ಣವರು. ನಮ್ಮ ಅಜ್ಜ ಧ್ವಜ ಹಿಡಿದವರು, ಅದು ನಮಗೇ ಬರಬೇಕಲ್ಲವಾ ಎಂದು ಅವರಿಗೆ ಆಸೆ. ತಾಯಿಗೆ ಗೊತ್ತಾಗುತ್ತದೆ. ಪಕ್ಕಕ್ಕೆ ಕರೆದು ಗದರಿಸುತ್ತಾಳೆ: ನಿಮ್ಮ ವಯಸ್ಸೆಷ್ಟು, ಎತ್ತರ ಎಷ್ಟು, ದೊಡ್ಡವರಿರುವಾಗ ಇಂಥ ಮಾತು ಬಾಯಿಗೆ ಬರಬಾರದು, ಮಾವನ ಮುಂದೆ ಮರ್ಯಾದೆ ತೆಗೆಯಬೇಡಿ. ಆಮೇಲೆ ಆ ಧ್ವಜ ಅಬ್ಬಾಸರಿಗೆ ಹೋಗುತ್ತದೆ. ಇನ್ನೇನು ಸ್ವಲ್ಪ ಹೊತ್ತಿಗೆ ಆ ಹುಡುಗರು ಸಾಯುತ್ತಾರೆ, ತಾಯಿಗೆ ಅದೂ ಗೊತ್ತು. ಗೊತ್ತಿದ್ದೂ ಗದರಿಸುತ್ತಿದ್ದಾಳೆ, ಮನೆತನದ ರೀತಿ ಕಲಿಸುತ್ತಿದ್ದಾಳೆ.

ಏಳನೇ ಶತಮಾನದ ಅರಬ್ ಹೆಂಗಸು ಹಾಗೆ ಮಾತಾಡಿದಳೋ ಇಲ್ಲವೋ, ಅನೀಸನಿಗೆ ಅದು ಮುಖ್ಯವಲ್ಲ. ಅವನ ಜೈನಬ್ ಲಖನೌದ ದೊಡ್ಡ ಮನೆತನದ ಹೆಂಗಸಿನ ಹಾಗೆ ಮಾತಾಡುತ್ತಾಳೆ. ಅಣ್ಣನಿಗೆ ಕೊಡುವ ಗೌರವ, ಅತ್ತಿಗೆ ನಾದಿನಿಯರ ಮಾತು, ಗಂಡ ಸತ್ತಾಗ ಬಳೆ ಒಡೆಯುವುದು, ಎಲ್ಲ ಲಖನೌ ಇರುವ ಅವಧ ಸೀಮೆಯದ್ದು. ಅದಕ್ಕೆ ಟೀಕೆಯೂ ಬಂದಿದೆ. ಆದರೆ ಅದನ್ನು ಕೇಳಿ ಅತ್ತವರು ಲಖನೌದ ಜನ. ಅವರಿಗೆ ತಮ್ಮ ತಾಯಿ ಕಂಡಳು, ತಮ್ಮ ಅಕ್ಕ ಕಂಡಳು.

ಮರ್ಸಿಯಾ ಓದುವ ಕ್ರಮವೂ ಗಮ್ಮತ್ತಿನದು. ಮಿಂಬರ್ ಎಂದರೆ ಮೆಟ್ಟಿಲಿರುವ ಮರದ ಪೀಠ. ಅದರ ಮೇಲೆ ಕೂತು, ಹಾಡದೆ, ಬರೀ ಮಾತಿನ ಏರಿಳಿತದಲ್ಲಿ, ಕಣ್ಣಲ್ಲಿ, ಕೈಯ ಸಣ್ಣ ಸನ್ನೆಯಲ್ಲಿ ಓದುತ್ತಿದ್ದ ಅನೀಸ್. ಒಂದೊಂದು ಪದ್ಯದಲ್ಲಿ ಆರು ಸಾಲು. ಮೊದಲ ನಾಲ್ಕಕ್ಕೆ ಒಂದೇ ಪ್ರಾಸ, ಕೊನೆಯ ಎರಡಕ್ಕೆ ಬೇರೆ. ನಾಲ್ಕು ಸಾಲು ಮೇಲೇರಿಸಿಕೊಂಡು ಹೋಗುತ್ತವೆ, ಕೊನೆಯ ಎರಡು ಧಪ್ಪನೆ ಎದೆಗೆ ಬಡಿಯುತ್ತವೆ. ವೀರ ಬೀಳ್ಕೊಡುವುದು, ರಣಕ್ಕೆ ಬರುವುದು, ತನ್ನ ವಂಶ ಹೇಳಿಕೊಳ್ಳುವುದು, ಕುದುರೆ ಕತ್ತಿಗಳ ವರ್ಣನೆ, ಯುದ್ಧ, ಸಾವು, ಕೊನೆಗೆ ಹೆಂಗಸರ ಅಳು. ಇದು ಸುಮಾರಾಗಿ ಅದರ ದಾರಿ. ಕತ್ತಿಯ ವರ್ಣನೆ ಬಂದಾಗ ಜನ ವಾಹ್ ವಾಹ್ ಎಂದು ಕೂಗುತ್ತಿದ್ದರು, ಕೊನೆಯ ಭಾಗಕ್ಕೆ ಬಂದಾಗ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಒಂದೇ ಸಭೆಯಲ್ಲಿ ಎರಡೂ. ದುಃಖದ ಜಾಗದಲ್ಲಿ ಶಭಾಸ್ ಎನ್ನಬಾರದು ಎಂದು ಅಲ್ಲಿ ಯಾರೂ ಹೇಳಲಿಲ್ಲ, ನಮ್ಮ ಗುಂಪಿನ ಪಂಡಿತರಿಗೆ ಇದನ್ನು ತಿಳಿಸಬೇಕು.

ಇನ್ನೂ ಒಂದಿದೆ. ಅನೀಸನಿಗೆ ಮಿರ್ಜಾ ದಬೀರ್ ಎದುರಾಳಿ. ಇಡೀ ಲಖನೌ ಎರಡು ಪಾರ್ಟಿ ಆಗಿತ್ತು, ಅನೀಸಿಯಾ ಒಂದು, ದಬೀರಿಯಾ ಒಂದು. ಯಾರ ಮರ್ಸಿಯಾ ಹೆಚ್ಚು ಎಂದು ಬೀದಿಯಲ್ಲಿ ವಾದ. ಇತ್ತ ನಮ್ಮಲ್ಲಿ ಎರಡು ಮೇಳ ಎದುರುಬದುರು ನಿಂತು ಸವಾಲ್ ಜವಾಬ್ ಪದ ಹಾಡುವಾಗ ನಡೆಯುವುದೇನು? ಅದೇ ಜಿದ್ದು, ಅದೇ ಪಕ್ಷಪಾತ. ಆದರೆ ಅನೀಸ್ ತೀರಿಕೊಂಡಾಗ ಅವನ ಮೇಲೆ ಶೋಕದ ಪದ್ಯ ಬರೆದವನು ಈ ದಬೀರನೇ. ಮೂಸಾ ಇಲ್ಲದ ಸಿನಾಯ್ ಬೆಟ್ಟದ ಹಾಗೆ ಅನೀಸ್ ಇಲ್ಲದ ಮಿಂಬರ್ ಬರಿದಾಯಿತು ಎಂಬ ಅರ್ಥದ ಸಾಲು ಅದರಲ್ಲಿದೆ. ಮರುವರ್ಷ, 1875ರಲ್ಲಿ, ಅವನೂ ಹೋದ. ಚಾಚಾ ಈ ಜಾಗಕ್ಕೆ ಬಂದರೆ ಕತ್ತರಿ ಕೆಳಗಿಟ್ಟು ಸುಮ್ಮನೆ ಕೂರುತ್ತಾರೆ.

ಧಾರವಾಡದ ಕಡೆ ಹುಟ್ಟಿದವರಿಗೆ ಮರ್ಸಿಯಾಕ್ಕಿಂತ ಸೋಜ್ ಬೇಗ ಹಿಡಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ಮಜ್ಲಿಸ್, ಅಂದರೆ ಶೋಕಸಭೆ, ಶುರುವಾಗುವ ಮುಂಚೆ ಸೋಜ್, ಸಲಾಮ್ ಎಂಬ ಸಣ್ಣ ಶೋಕಪದ್ಯ ಹೇಳುತ್ತಾರೆ. ವಾದ್ಯ ಇಲ್ಲ. ತಬಲಾ ಇಲ್ಲ, ಪೇಟಿ ಇಲ್ಲ, ತಂಬೂರಿ ಇಲ್ಲ. ನಡುವೆ ಒಬ್ಬ ಮುಖ್ಯ ಹಾಡುಗಾರ, ಅಕ್ಕಪಕ್ಕ ಕೂತವರು ಗಂಟಲಲ್ಲೇ ಶ್ರುತಿ ಹಿಡಿದಿರುತ್ತಾರೆ. ಹೇಳುವ ದಾಟಿ ಪೂರ್ತಿ ರಾಗದ್ದೇ. ಆದರೆ ಅದನ್ನು ಯಾರೂ ಸಂಗೀತ ಎನ್ನುವುದಿಲ್ಲ, ಹಾಡಿದರು ಎನ್ನುವುದೂ ಇಲ್ಲ, ಸೋಜ್ "ಓದಿದರು" ಎನ್ನುತ್ತಾರೆ. ತಾನ್ ಹೊಡೆದು ಕಸರತ್ತು ತೋರಿಸುವಂತಿಲ್ಲ. ಸ್ವರ ಜಾಸ್ತಿ ಚೆಂದವಾದರೆ ದುಃಖ ಹಿಂದೆ ಸರಿಯುತ್ತದೆ ಎಂಬ ಹೆದರಿಕೆ. ಬೆಳಗಿನ ಜಾವ ಹೆಡ್‌ಫೋನ್ ಹಾಕಿಕೊಂಡು ಕೇಳಿ ನೋಡಿ, ಭೈರವಿಯ ನೆರಳು ಬಂದಲ್ಲಿ ನಿಮಗೇ ತಿಳಿಯುತ್ತದೆ.

ಸಂಗೀತದ ಮಾತು ಬಂದದ್ದಕ್ಕೆ ಒಂದು ಸಣ್ಣ ಸಿಟ್ಟು ಹೊರಹಾಕಿಬಿಡುತ್ತೇನೆ. ಕಿರಾನಾ ಎಂಬುದು ಉತ್ತರ ಪ್ರದೇಶದ ಊರು. ಅಲ್ಲಿಂದ ಬಂದ ಅಬ್ದುಲ್ ಕರೀಂ ಖಾನ್ ಸಾಹೇಬರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದರು, ಸವಾಯಿ ಗಂಧರ್ವರು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರಿಗೆ, ಗದಗದ ಭೀಮಸೇನ ಜೋಶಿಯವರಿಗೆ ಕಲಿಸಿದರು. ಈಗ ಕಿರಾನಾ ಘರಾನೆ ನಮ್ಮದು ಎಂದು ಎದೆ ತಟ್ಟಿ ಹೇಳುತ್ತೇವೆ, ಹೇಳಲೂಬೇಕು. ಕಿರಾನಾದವರು ಬಂದು "ಖರೇ ಕಿರಾನಾ ಇದಲ್ಲ" ಎಂದರೆ ಒಪ್ಪುತ್ತೇವಾ? ಖಯಾಲಿಗೆ ಒಂದು ನ್ಯಾಯ, ಕರ್ಬಲಾ ಪದಕ್ಕೆ ಒಂದು ನ್ಯಾಯ.

ನೌಹಾ ಬೇರೆಯೇ. ಮಜ್ಲಿಸ್ ಮುಗಿದ ಮೇಲೆ ಎದ್ದು ನಿಂತು ಹೇಳುವುದು, ಎದೆ ಬಡಿಯುವ ಕೈಯೇ ಅದರ ತಾಳ. ಸಣ್ಣ ಸಾಲು, ಮತ್ತೆ ಮತ್ತೆ ಬರುವ ಪಲ್ಲವಿ. ಹೆಚ್ಚಾಗಿ ಯಾರೋ ಯಾರನ್ನೋ ಕರೆಯುತ್ತಿರುತ್ತಾರೆ: ಸಕೀನಾ ಚಿಕ್ಕಪ್ಪನನ್ನು, ತಾಯಿ ಖಾಲಿ ತೊಟ್ಟಿಲನ್ನು, ಜೈನಬ್ ಅಣ್ಣನನ್ನು. ಅರ್ಥ ಗೊತ್ತಿಲ್ಲದಿದ್ದರೂ ಆ ಕರೆ ಗೊತ್ತಾಗುತ್ತದೆ. ಬರೆದವರೆಲ್ಲ ಶಿಯಾಗಳೇ, ಮುಸ್ಲಿಮರೇ ಎಂದುಕೊಳ್ಳಬೇಡಿ. ಲಖನೌದಲ್ಲಿ ಮರ್ಸಿಯಾಕ್ಕೆ ಹೆಸರಾದ ದಿಲ್‌ಗೀರ್ ಹಿಂದೂ ಮನೆಯಲ್ಲಿ ಹುಟ್ಟಿದ ಛನ್ನೂಲಾಲ್. ಆಮೇಲೆ ಇಸ್ಲಾಂ ಸೇರಿದ.

ಇದೆಲ್ಲ ಉತ್ತರದಿಂದ ನಮಗೆ ಬಂತು ಎಂದರೆ ಅದೂ ತಪ್ಪು. ಉರ್ದುವಿನಲ್ಲಿ ಕರ್ಬಲಾದ ಕಾವ್ಯ ಮೊದಲು ಹುಟ್ಟಿದ್ದು ನಮ್ಮ ದಖನ್ನಿನಲ್ಲಿ, ದಖನಿ ಮಾತಿನಲ್ಲಿ. ಗೋಲ್ಕೊಂಡದ ಮುಹಮ್ಮದ್ ಕುಲಿ ಕುತುಬ್ ಶಾಹ ತಾನೇ ಮರ್ಸಿಯಾ ಬರೆದ, ಹೈದರಾಬಾದಿನಲ್ಲಿ ಬಾದಶಾಹಿ ಆಶೂರಖಾನಾ ಎಂಬ ಶೋಕಸಭೆಯ ಮನೆ ಕಟ್ಟಿಸಿದ. ಬಿಜಾಪುರದಲ್ಲಿ ಯೂಸುಫ್ ಆದಿಲ್ ಶಾಹನೇ ಶಿಯಾ ಪಂಥವನ್ನು ರಾಜ್ಯದ ಪಂಥವಾಗಿ ಸಾರಿದ್ದ. ಮುಂದೆ ಬಂದ ಸುಲ್ತಾನರಲ್ಲಿ ಕೆಲವರು ಸುನ್ನಿ, ಕೆಲವರು ಶಿಯಾ. ಧಾರವಾಡ, ಬಂಕಾಪುರ, ಲಕ್ಷ್ಮೇಶ್ವರ ಎಲ್ಲ ಆದಿಲ್ ಶಾಹಿ ಸೀಮೆ. ಅನೀಸ್ ಹುಟ್ಟುವ ಇನ್ನೂರು ವರ್ಷ ಮುಂಚೆಯೇ ದಖನ್ನಿನಲ್ಲಿ ಪಂಜಾ ಎತ್ತುತ್ತಿದ್ದರು. ಆ ರಾಜರು ಹೋದರು, ಶಿಯಾ ಮನೆಗಳು ಈಗ ನಮ್ಮ ಕಡೆ ಬೆರಳೆಣಿಕೆ. ಹಬ್ಬ ಮಾತ್ರ ಹಳ್ಳಿ ಹಳ್ಳಿಯಲ್ಲಿ ಉಳಿಯಿತು, ಅದೂ ಸುನ್ನಿಗಳ, ಲಿಂಗಾಯತರ, ಕುರುಬರ, ಬೇಡರ, ಹೊಲೆಯ ಮಾದಿಗರ ಕೈಯಲ್ಲಿ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲೂ ದೇವರು ಕೂರಿಸುತ್ತಾರೆ.

ಹೇಗೆ ನಡೆಯುತ್ತದೆ ಅಂದರೆ, ಚಂದ್ರ ಕಂಡ ಮೇಲೆ ಮಸೂತಿ ಮುಂದೆ ಗುದ್ದಲಿ ಹಾಕಿ ಅಲಾವಿ ಕುಣಿ ತೋಡುತ್ತಾರೆ. ಪೆಟ್ಟಿಗೆಯಿಂದ ಪಂಜಾ ತೆಗೆದು, ತೊಳೆದು, ಬಣ್ಣದ ಬಟ್ಟೆ ಉಡಿಸಿ ಕೂರಿಸುತ್ತಾರೆ. ಪಂಜಾ ಎಂದರೆ ಐದು ಬೆರಳಿನ ಕೈ. ಪ್ರವಾದಿ, ಅಲಿ, ಫಾತಿಮಾ, ಹಸನ್, ಹುಸೇನ್ ಐವರ ಗುರುತು ಎನ್ನುತ್ತಾರೆ, ಕೆಲವರು ಅಬ್ಬಾಸರ ಕಡಿದ ಕೈ ಎನ್ನುತ್ತಾರೆ. ಹರಕೆ ಹೊತ್ತವರು ಕೊರಳಿಗೆ ಲಾಡಿ ಹಾಕಿ ಫಕೀರರಾಗುತ್ತಾರೆ, ಜೋಳಿಗೆ ಹಿಡಿದು ಐದು ಮನೆ ಬೇಡುತ್ತಾರೆ. ಮನೆಯಲ್ಲಿ ಚೋಂಗೆ ಮಾಡುತ್ತಾರೆ, ಮಾದಲಿ ಮಾಡುತ್ತಾರೆ, ಊದು ಹಾಕಿಸುತ್ತಾರೆ. ಮಕ್ಕಳಾಗದವರು ಬೇಡಿಕೊಂಡು ಹುಟ್ಟಿದ ಮಕ್ಕಳಿಗೆ ಫಕೀರಪ್ಪ, ಫಕೀರವ್ವ, ಹುಸೇನಪ್ಪ ಎಂದು ಹೆಸರಿಡುತ್ತಾರೆ. ನಮ್ಮ ಕಡೆ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆಗೆದರೂ ಒಬ್ಬ ಫಕೀರಪ್ಪ ಸಿಕ್ಕೇ ಸಿಗುತ್ತಾನೆ. ಹತ್ತನೇ ದಿನದ ಹಿಂದಿನ ಕತಲ್ ರಾತ್ರಿ ಕುಣಿಯಲ್ಲಿ ಕೆಂಡ, ಸುತ್ತ ಪದ, ಬೆಳಗಿನ ತನಕ ನಿದ್ದೆ ಇಲ್ಲ. ಮರುದಿನ ದೇವರು ಹೊಳೆಗೆ.

ಹುಲಿಯ ಬಗ್ಗೆ ಕೇಳುವವರಿಗೆ: ಅದು ನಿನ್ನೆ ಮೊನ್ನೆಯದಲ್ಲ. ದಕ್ಷಿಣದ ಮುಸ್ಲಿಮರ ಆಚರಣೆಗಳ ಬಗ್ಗೆ 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕದಲ್ಲೇ ಮೊಹರಂ ವೇಷಗಳ ಉದ್ದ ಪಟ್ಟಿ ಇದೆ, ಹುಲಿಯೂ ಇದೆ. ಅಲಿಯವರನ್ನು ದೇವರ ಸಿಂಹ ಎನ್ನುತ್ತಾರೆ, ಅದಕ್ಕೇ ಹುಲಿ ಎಂದು ಕೆಲವರ ವಿವರಣೆ. ನಮ್ಮಲ್ಲಿ ಸಿಂಹ ಎಲ್ಲಿ ಸಿಗಬೇಕು, ಹುಲಿ ಬಂತು.

ಇನ್ನು ರಿವಾಯತ್ ಪದ. ಗೀಗೀ ಪದದ ಹಾಗೇ ಇದರಲ್ಲೂ ಏರು, ಇಳುವು, ಚಾಲು ಇರುತ್ತವೆ. ಕೊನೆಗೆ ಕಟ್ಟಿದವನ ಊರು, ಗುರುವಿನ ಹೆಸರು. ಮರ್ಸಿಯಾದ ಕೊನೆಗೂ ಕವಿಯ ಹೆಸರು ಬರುತ್ತದೆ ಎಂಬುದನ್ನು ಇಲ್ಲೇ ನೆನಪಿಸಿಬಿಡುತ್ತೇನೆ. ಹಸನ್ ಹುಸೇನರು ಈ ಪದಗಳಲ್ಲಿ ಶರಣರು. ಫಾತಿಮಾ ಹಡೆದವ್ವ. ಸಕೀನಾ ಕೂಸು. ಆ ತಾಯಿ ಅಳುವಾಗ ನಮ್ಮ ಹಳ್ಳಿಯ ಹೆಂಗಸು ಹೆಣದ ಮುಂದೆ ಹಾಡ್ಯಾಡಿಕೊಂಡು ಅಳುವ ಹಾಗೇ ಅಳುತ್ತಾಳೆ. ಅನೀಸನ ಜೈನಬ್ ಲಖನೌದವಳಾದರೆ ಇವಳು ನವಲಗುಂದದ ಕಡೆಯವಳು, ಅಷ್ಟೇ ವ್ಯತ್ಯಾಸ. ಕರ್ಬಲಾ ಮುಗಿದ ಮೇಲೆ ಪಾಂಡವರ ಪದ, ಬರಗಾಲದ ಪದ, ತುಟ್ಟಿಕಾಲದ ಪದವೂ ಬರುತ್ತವೆ. ರಾತ್ರಿ ಉದ್ದ ಇರುತ್ತದಲ್ಲ.

ಹಾವೇರಿ ಜಿಲ್ಲೆಯ ಶಿಶುವಿನಾಳದ ಶರೀಫರು (1819–1889) ಅಲಾವಿಗೆ ಪದ ಕಟ್ಟಿದವರು. ಕಳಸದ ಗೋವಿಂದಭಟ್ಟರ ಶಿಷ್ಯ. ಸಿ. ಅಶ್ವಥ್ ಅವರ ದನಿಯಲ್ಲಿ ತತ್ವಪದಗಳು ಮನೆಮನೆಗೆ ಹೋದವು, ಆ ಕರ್ಬಲಾ ಪದಗಳು ಮಾತ್ರ ಕ್ಯಾಸೆಟ್ಟಿಗೆ ಅಷ್ಟಾಗಿ ಹತ್ತಲಿಲ್ಲ. ಅನೀಸ್ 1871ರಲ್ಲಿ ಹೈದರಾಬಾದಿಗೆ ಬಂದು ಮಜ್ಲಿಸ್ ಓದಿದ್ದಾನೆ. ಆಗ ಶರೀಫರಿಗೆ ಐವತ್ತು ದಾಟಿತ್ತು. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿದಿರುವ ಸಾಧ್ಯತೆ ಕಡಿಮೆ, ಆದರೆ ಒಂದೇ ಕಾಲದಲ್ಲಿ ಇಬ್ಬರೂ ಅದೇ ಹೊಳೆ ದಂಡೆಯ ನೀರಿನ ಬಗ್ಗೆ ಬರೆಯುತ್ತಿದ್ದರು. ನನಗೆ ಇದನ್ನು ಯೋಚಿಸಿದಾಗಲೆಲ್ಲ ಖುಷಿಯಾಗುತ್ತದೆ.

ಕಾಸಿಂನ ಮದುವೆಯ ವಿಷಯ ಹೇಳದಿದ್ದರೆ ಆಗದು. ಕಾಸಿಂ ಹಸನರ ಮಗ, ಇನ್ನೂ ಹುಡುಗ. ಯುದ್ಧಕ್ಕೆ ಮುಂಚೆ ಹುಸೇನರ ಮಗಳ ಜೊತೆ ಅವನ ಮದುವೆಯಾಯಿತು, ಅರಿಶಿನ ಆರುವ ಮುಂಚೆ ಸತ್ತ ಎಂಬುದು ಕತೆ. ಇತಿಹಾಸದಲ್ಲಿ ಇದಕ್ಕೆ ಆಧಾರ ಇಲ್ಲ ಎಂದು ಶಿಯಾ ವಿದ್ವಾಂಸರೇ ಅನೇಕರು ಹೇಳುತ್ತಾರೆ. ಆದರೂ ಲಖನೌದಲ್ಲಿ ಏಳನೇ ದಿನ ಅವನ ಹೆಸರಲ್ಲಿ ಮೆಹಂದಿ ಮೆರವಣಿಗೆ ಹೊರಡುತ್ತದೆ, ನಮ್ಮ ಊರುಗಳಲ್ಲಿ ಕಾಸಿಂ ದೇವರು ಮದುಮಗನೇ. ಮದುವೆ ಮನೆ ಹೆಣದ ಮನೆಯಾಗುವ ಕತೆಗೆ ಆಧಾರ ಯಾರು ಕೇಳುತ್ತಾರೆ, ಅಂಥ ಮನೆ ಪ್ರತಿ ಊರಲ್ಲೂ ಒಂದು ಇರುತ್ತದೆ.

ಹಾಗಂತ ಎರಡೂ ಒಂದೇ ಎಂದು ನಾನು ವಾದ ಮಾಡುವುದಿಲ್ಲ. ಶಿಯಾಗಳಿಗೆ ಇದು ಹಬ್ಬವಲ್ಲ, ಸೂತಕ. ಎರಡು ತಿಂಗಳು ಎಂಟು ದಿನ ಮದುವೆ ಮುಂಜಿ ಇಲ್ಲ, ಹೊಸ ಬಟ್ಟೆ ಇಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹೈದರಾಬಾದಿನ ಶಿಯಾ ಗೆಳತಿಗೆ ನಮ್ಮ ಕುಣಿತದ ವಿಡಿಯೋ ತೋರಿಸಿದ್ದೆ. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಮ್ಮ ಮನೆಯ ಸಾವಿಗೆ ನಿಮ್ಮೂರೆಲ್ಲ ಬಂದಿದೆ, ಆದರೆ ಯಾಕೆ ನಗುತ್ತಿದ್ದಾರೆ" ಎಂದರು. ಆ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಹಗಲು ಹುಲಿಯ ಜೊತೆ ನಗುವವರೇ ಕತಲ್ ರಾತ್ರಿ ಅಬ್ಬಾಸರ ಪದಕ್ಕೆ ಕಣ್ಣೊರೆಸಿಕೊಳ್ಳುವುದನ್ನು ನೋಡಿದ್ದೇನೆ. ನಮ್ಮ ಹಳ್ಳಿಗಳಲ್ಲಿ ಮುದುಕರ ಹೆಣವನ್ನೂ ಹಲಗೆ ಬಾರಿಸಿ, ಭಜನೆ ಮಾಡಿ ಕಳಿಸುತ್ತಾರೆ, ಅದೇ ರೂಢಿ ಇಲ್ಲಿಗೂ ಬಂದಿರಬೇಕು ಎಂದಷ್ಟೇ ಹೇಳಿದೆ. ಅವರು ಒಪ್ಪಲಿಲ್ಲ, ಒಪ್ಪಬೇಕು ಎಂದೂ ನನಗಿಲ್ಲ.

ಡಿಜೆ ಮಾತ್ರ ನನಗೂ ಆಗುವುದಿಲ್ಲ. 2018, 2019ರಲ್ಲಿ ಗಣಪತಿ ಮತ್ತು ಮೊಹರಂ ಹತ್ತಿರ ಹತ್ತಿರ ಬಂದಿದ್ದವು, ಚಾಂದ್ರಮಾನದ ಲೆಕ್ಕದಲ್ಲಿ ಮೊಹರಂ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದಲ್ಲ, ಹಾಗೆ. ಆ ಡಬ್ಬಿಗಳ ಮುಂದೆ ಯಾವ ದೇವರ ಮುಂದಿದ್ದೇವೆ ಎಂದೇ ತಿಳಿಯುತ್ತಿರಲಿಲ್ಲ. ಪದ ಹಾಡುವ ಮುದುಕ ಬಾಯಿ ತೆರೆದರೆ ಪಕ್ಕದವನಿಗೂ ಕೇಳುವುದಿಲ್ಲ. ಧರ್ಮದಲ್ಲಿ ಇಲ್ಲ ಎಂದು ಬೈಯುವವರಿಗಿಂತ ಈ ಡಬ್ಬಿಗಳೇ ರಿವಾಯತ್‌ಗೆ ಹೆಚ್ಚು ಪೆಟ್ಟು ಕೊಟ್ಟಿವೆ.

ನೌಹಾಗಳು ಯೂಟ್ಯೂಬಿನಲ್ಲಿ ಸಾವಿರಾರು ಇವೆ, ಸಾಹಿತ್ಯವನ್ನೂ ಕೆಳಗೆ ಹಾಕಿರುತ್ತಾರೆ. ಬರೆದವರ ಹೆಸರು, ಓದಿದವರ ಹೆಸರು ಎರಡೂ ಇರುತ್ತವೆ. ನಮ್ಮ ಪದಗಳು ಹಾಡುಗಾರರ ನೋಟ್‌ಬುಕ್ಕಿನಲ್ಲಿವೆ, ಕನ್ನಡ ಅಕ್ಷರದಲ್ಲಿ, ಕೆಲವು ಕಡೆ ಉರ್ದು ಸಾಲುಗಳೂ ಕನ್ನಡ ಅಕ್ಷರದಲ್ಲೇ. ನಿಮ್ಮೂರಲ್ಲಿ ಅಂಥವರಿದ್ದರೆ ಹಬ್ಬದ ಗದ್ದಲದಲ್ಲಿ ಹೋಗಬೇಡಿ, ಆಮೇಲೆ ಒಂದು ದಿನ ಕಟ್ಟೆಯ ಮೇಲೆ ಕೂರಿಸಿ, ಚಹಾ ಕುಡಿಸಿ, ಅಬ್ಬಾಸರ ಪದ ಹೇಳ್ರಿ ಎಂದು ಕೇಳಿ. ಮೊಬೈಲ್ ಸಾಕು. ರೆಕಾರ್ಡ್ ಮಾಡುವಾಗ ಮೊದಲು ಅವರ ಊರು, ಮೇಳದ ಹೆಸರು, ಪದ ಕಟ್ಟಿದವರು ಯಾರು, ಯಾರಿಂದ ಕಲಿತದ್ದು ಎಂದು ಅವರ ಬಾಯಿಂದಲೇ ಹೇಳಿಸಿ. ಈಗ ಇಂಟರ್ನೆಟ್ಟಿನಲ್ಲಿ ಸಿಗುವ ರಿವಾಯತ್ ವಿಡಿಯೋಗಳಲ್ಲಿ ಡ್ರೋನ್ ಶಾಟ್ ಇರುತ್ತದೆ, ಹುಲಿಯ ಕುಣಿತ ಇರುತ್ತದೆ, ಕವಿಯ ಹೆಸರು ಒಂದೇ ಇರುವುದಿಲ್ಲ.